ಪಾಲಿಮರ್ ತೆಳುಪೊರೆಗಳಲ್ಲಿ ಗಾಜು ಸ್ಥಿತ್ಯಂತರ

ಪಾಲಿಮರ್ ವಸ್ತುವೊಂದು ಕಾಯಿಸಿದಾಗ ಗಡಸಾದ, ಗಾಜಿನಂಥ ಸ್ಥಿತಿಯಿಂದ ಮೆದುವಾದ, ರಬ್ಬರಿನಂಥ ಸ್ಥಿತಿಗೆ ಬದಲಾಗುವುದನ್ನು ಗಾಜು ಸ್ಥಿತ್ಯಂತರ ಎನ್ನುತ್ತಾರೆ. ಈ ಬದಲಾವಣೆ ನಡೆಯುವ ತಾಪಮಾನವೇ ಗಾಜು ಸ್ಥಿತ್ಯಂತರ ತಾಪಮಾನ. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ತುಂಡಿನಲ್ಲಿ ಈ ತಾಪಮಾನ ಆಯಾ ಪಾಲಿಮರಿನ ಸ್ವಂತ ಗುಣವೆಂಬಂತೆ ಸ್ಥಿರವಾಗಿರುತ್ತದೆ. ಆದರೆ ಅದೇ ಪಾಲಿಮರನ್ನು ಕೆಲವು ಹತ್ತು ನ್ಯಾನೊಮೀಟರ್ ದಪ್ಪದ ಪೊರೆಯಾಗಿ ಹರಡಿದಾಗ ಸ್ಥಿತ್ಯಂತರ ತಾಪಮಾನ ಇಳಿಯಬಹುದು, ಏರಬಹುದು ಅಥವಾ ಒಂದೇ ಪೊರೆಯ ಮೇಲ್ಭಾಗದಲ್ಲಿ ಒಂದು ಬಗೆ, ತಳದಲ್ಲಿ ಇನ್ನೊಂದು ಬಗೆಯಾಗಿರಬಹುದು. ವಸ್ತುವನ್ನು ಇಷ್ಟು ಕಿರಿದಾದ ಅಳತೆಯೊಳಗೆ ಇಕ್ಕಟ್ಟಿಗೆ ಸಿಲುಕಿಸಿದಾಗ ಉಂಟಾಗುವ ಈ ಪರಿಣಾಮವನ್ನು ನ್ಯಾನೊ ಇಕ್ಕಟ್ಟಿನ ಪರಿಣಾಮ ಎನ್ನಬಹುದು. 1990ರ ದಶಕದಿಂದ ಇದು ಪಾಲಿಮರ್ ಭೌತವಿಜ್ಞಾನದ ಮುಖ್ಯ ಸಂಶೋಧನಾ ವಿಷಯಗಳಲ್ಲಿ ಒಂದಾಗಿದೆ. ಕಂಪ್ಯೂಟರ್ ಚಿಪ್‌ಗಳ ತಯಾರಿಕೆ, ಅನಿಲ ಬೇರ್ಪಡಿಸುವ ಪೊರೆಗಳು ಮತ್ತು ಲೇಪನಗಳ ಬಾಳಿಕೆ ಇದನ್ನು ಅವಲಂಬಿಸಿರುವುದರಿಂದ ವಿಷಯಕ್ಕೆ ಪ್ರಾಯೋಗಿಕ ಮಹತ್ವವೂ ಇದೆ.

ಗಾಜು ಸ್ಥಿತಿ

ಭೌತವಿಜ್ಞಾನದಲ್ಲಿ ಗಾಜು ಎಂಬ ಪದ ಕಿಟಕಿಯ ಗಾಜಿಗೆ ಮಾತ್ರ ಸೀಮಿತವಲ್ಲ. ಅಣುಗಳು ಹರಳಿನಲ್ಲಿರುವಂತೆ ಸಾಲುಗೂಡಿ ನಿಲ್ಲದೆ, ದ್ರವದಲ್ಲಿದ್ದಂತೆಯೇ ಅಸ್ತವ್ಯಸ್ತವಾಗಿದ್ದು, ಕದಲುವ ಶಕ್ತಿಯನ್ನು ಮಾತ್ರ ಕಳೆದುಕೊಂಡ ಯಾವುದೇ ಘನವಸ್ತು ಗಾಜೇ. ಸಕ್ಕರೆಯಲ್ಲಿ ಈ ಎರಡೂ ರೂಪಗಳನ್ನು ಕಾಣಬಹುದು. ಕಲ್ಲುಸಕ್ಕರೆ ಹರಳು. ಪಾಕವನ್ನು ಗಟ್ಟಿಯಾಗಿ ಕಾಯಿಸಿ ಬೇಗ ಆರಿಸಿ ಮಾಡಿದ ಗಟ್ಟಿ ಮಿಠಾಯಿ ಗಾಜು. ಕಡಲೆ ಚಿಕ್ಕಿಯಲ್ಲಿ ಬೀಜಗಳನ್ನು ಹಿಡಿದಿಟ್ಟಿರುವ ಗರಿಗರಿಯಾದ ಬೆಲ್ಲವೂ ಬಹುಮಟ್ಟಿಗೆ ಗಾಜು ಸ್ಥಿತಿಯಲ್ಲಿರುತ್ತದೆ. ಮಳೆಗಾಲದಲ್ಲಿ ಅದು ತೇವ ಹೀರಿಕೊಂಡಾಗ ಅದರ ಸ್ಥಿತ್ಯಂತರ ತಾಪಮಾನ ಇಳಿಯುವುದರಿಂದ ಚಿಕ್ಕಿ ಮೆತ್ತಗಾಗಿ ಕೈಗೆ ಅಂಟುತ್ತದೆ.

ಮಂಜುಗಡ್ಡೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥಟ್ಟನೆ ಕರಗುತ್ತದೆ. ಗಾಜು ಸ್ಥಿತ್ಯಂತರದಲ್ಲಿ ಅಂಥ ಥಟ್ಟನೆಯ ಬದಲಾವಣೆಯಿಲ್ಲ. ದ್ರವವನ್ನು ತಂಪುಗೊಳಿಸುತ್ತ ಹೋದಂತೆ ಅಣುಗಳ ಮರುಜೋಡಣೆ ನಿಧಾನವಾಗುತ್ತದೆ. ಮರುಜೋಡಣೆಗೆ ಬೇಕಾದ ಕಾಲ ಸುಮಾರು 100 ಸೆಕೆಂಡುಗಳಷ್ಟಾದಾಗ ವಸ್ತು ಗಾಜಾಯಿತೆಂದು ಲೆಕ್ಕ ಹಿಡಿಯುವ ರೂಢಿಯಿದೆ. ಹೀಗಾಗಿ ಸ್ಥಿತ್ಯಂತರ ತಾಪಮಾನ ಅಳತೆಯ ವೇಗವನ್ನೂ ಅವಲಂಬಿಸುತ್ತದೆ. ತಂಪುಗೊಳಿಸುವ ವೇಗವನ್ನು ಹತ್ತು ಪಟ್ಟು ಹೆಚ್ಚಿಸಿದರೆ ಅದು ಸಾಮಾನ್ಯವಾಗಿ 3ರಿಂದ 5 ಡಿಗ್ರಿಯಷ್ಟು ಮೇಲೇರುತ್ತದೆ. ತೆಳುಪೊರೆಗಳ ಕುರಿತ ವಿವಾದವನ್ನು ತಿಳಿಯಲು ಈ ಅಂಶವನ್ನು ನೆನಪಿನಲ್ಲಿಡಬೇಕು.

ಪಾಲಿಮರ್ ಎಂದರೆ ಒಂದೇ ಬಗೆಯ ಸಣ್ಣ ಘಟಕಗಳು ಸಾವಿರಾರು ಸಂಖ್ಯೆಯಲ್ಲಿ ಸರಪಳಿಯಂತೆ ಕೂಡಿಕೊಂಡಿರುವ ಅಣು. ಥರ್ಮೋಕೋಲಿನ ಮೂಲವಸ್ತುವಾದ ಪಾಲಿಸ್ಟೈರೀನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಜು ಸ್ಥಿತಿಯಿಂದ ಮೆತ್ತಗಾಗುತ್ತದೆ. ನೈಸರ್ಗಿಕ ರಬ್ಬರಿನ ಸ್ಥಿತ್ಯಂತರ ಸೊನ್ನೆಗಿಂತ ಸುಮಾರು 70 ಡಿಗ್ರಿ ಕೆಳಗಿದೆ. ಆದ್ದರಿಂದಲೇ ನಮ್ಮ ನಿತ್ಯದ ಹವೆಯಲ್ಲಿ ಮೊದಲನೆಯದು ಪಟಪಟನೆ ಮುರಿಯುತ್ತದೆ, ಎರಡನೆಯದು ಬಾಗುತ್ತದೆ.

ತೆಳುಪೊರೆ ಮತ್ತು ಇಕ್ಕಟ್ಟು

ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ತಲೆಗೂದಲಿನ ದಪ್ಪ 50,000ದಿಂದ 1,00,000 ನ್ಯಾನೊಮೀಟರ್. ಒಂದು ಲಕ್ಷ ಅಣುತೂಕದ ಪಾಲಿಸ್ಟೈರೀನ್ ಸರಪಳಿ ನೂಲಿನುಂಡೆಯಂತೆ ಸುತ್ತಿಕೊಂಡಾಗ ಅದರ ಸರಾಸರಿ ತ್ರಿಜ್ಯ ಸುಮಾರು 9 ನ್ಯಾನೊಮೀಟರ್. ಹಾಗಾಗಿ 20 ನ್ಯಾನೊಮೀಟರ್ ದಪ್ಪದ ಪೊರೆಯೊಳಗೆ ಇಂಥ ಒಂದು ಉಂಡೆ ಹೆಚ್ಚುಕಡಿಮೆ ಪೂರ್ಣ ದಪ್ಪವನ್ನು ತುಂಬುತ್ತದೆ.

ಇಂಥ ಪೊರೆಯನ್ನು ಪ್ರಯೋಗಾಲಯದಲ್ಲಿ ತಯಾರಿಸುವ ಕ್ರಮ ಸರಳವಾದುದು. ಪಾಲಿಮರನ್ನು ಟಾಲೂಯಿನ್‌ನಂಥ ದ್ರಾವಕದಲ್ಲಿ ಕರಗಿಸಿ, ನುಣುಪಾದ ಸಿಲಿಕಾನ್ ಬಿಲ್ಲೆಯ ಮೇಲೆ ಹನಿಸಿ, ಬಿಲ್ಲೆಯನ್ನು ನಿಮಿಷಕ್ಕೆ ಸಾವಿರಾರು ಸುತ್ತಿನ ವೇಗದಲ್ಲಿ ತಿರುಗಿಸುತ್ತಾರೆ. ದ್ರಾವಣ ಹೊರಕ್ಕೆ ಚೆಲ್ಲಿಹೋಗಿ, ದ್ರಾವಕ ಆವಿಯಾಗಿ, ಸಮನಾದ ಪೊರೆ ಉಳಿಯುತ್ತದೆ. ದ್ರಾವಣದ ಸಾಂದ್ರತೆ ಮತ್ತು ತಿರುಗುವ ವೇಗಗಳು ಪೊರೆಯ ದಪ್ಪವನ್ನು ನಿರ್ಧರಿಸುತ್ತವೆ. ಬಳಿಕ ಪೊರೆಯನ್ನು ಸ್ಥಿತ್ಯಂತರ ತಾಪಮಾನಕ್ಕಿಂತ ಮೇಲೆ ನಿರ್ವಾತದಲ್ಲಿ ಹಲವು ಗಂಟೆ ಹದಗೊಳಿಸುತ್ತಾರೆ. ಉಳಿದಿರುವ ದ್ರಾವಕವೂ, ತಿರುಗುವಾಗ ಸರಪಳಿಗಳಲ್ಲಿ ಉಂಟಾದ ಎಳೆತವೂ ಇದರಿಂದ ನಿವಾರಣೆಯಾಗಬೇಕು.

ಸಂಶೋಧನೆಯ ಇತಿಹಾಸ

ಇಕ್ಕಟ್ಟಿನ ಪರಿಣಾಮ ಮೊದಲು ಸ್ಪಷ್ಟವಾಗಿ ಕಂಡದ್ದು ಪಾಲಿಮರುಗಳಲ್ಲಲ್ಲ. 1990ರ ದಶಕದ ಆರಂಭದಲ್ಲಿ ಜಾಕ್ಸನ್ ಮತ್ತು ಮೆಕೆನ್ನಾ ಎಂಬ ವಿಜ್ಞಾನಿಗಳು ಸಾವಯವ ದ್ರವಗಳನ್ನು ನ್ಯಾನೊಮೀಟರ್ ಅಳತೆಯ ರಂಧ್ರಗಳಿರುವ ಗಾಜಿನೊಳಗೆ ತುಂಬಿ, ರಂಧ್ರ ಕಿರಿದಾದಂತೆ ಸ್ಥಿತ್ಯಂತರ ತಾಪಮಾನ ಇಳಿಯುವುದನ್ನು ತೋರಿಸಿದರು. 1993ರಲ್ಲಿ ಗುಂಟರ್ ರೈಟರ್ ಅವರು ತೀರಾ ತೆಳುವಾದ ಪಾಲಿಸ್ಟೈರೀನ್ ಪೊರೆಗಳು, ದೊಡ್ಡ ತುಂಡಿನ ಲೆಕ್ಕದಲ್ಲಿ ಇನ್ನೂ ಗಾಜಾಗಿಯೇ ಇರಬೇಕಾದ ತಾಪಮಾನದಲ್ಲಿ, ತಳವನ್ನು ಬಿಟ್ಟು ಹನಿಗಟ್ಟುವುದನ್ನು ಗಮನಿಸಿದರು.

1994ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಯಾವೆಂಡಿಶ್ ಪ್ರಯೋಗಾಲಯದ ಕೆಡ್ಡಿ, ಜೋನ್ಸ್ ಮತ್ತು ಕೋರಿ ಅವರು ಪ್ರಕಟಿಸಿದ ಲೇಖನ ಈ ಕ್ಷೇತ್ರದ ಆಧಾರಸ್ತಂಭವೆನಿಸಿತು. ಸಿಲಿಕಾನ್ ಮೇಲಿನ ಪಾಲಿಸ್ಟೈರೀನ್ ಪೊರೆಗಳ ದಪ್ಪ ಸುಮಾರು 40 ನ್ಯಾನೊಮೀಟರಿಗಿಂತ ಕಡಿಮೆಯಾದಾಗ ಸ್ಥಿತ್ಯಂತರ ತಾಪಮಾನ ಗಮನಾರ್ಹವಾಗಿ ಇಳಿಯುತ್ತದೆಂದು ಅವರು ಕಂಡುಕೊಂಡರು. ಅವರು ಬಳಸಿದ ಪಾಲಿಸ್ಟೈರೀನ್ ಮಾದರಿಗಳ ಅಣುತೂಕ ಸುಮಾರು 1.2 ಲಕ್ಷದಿಂದ 29 ಲಕ್ಷದವರೆಗೆ ಇದ್ದರೂ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸರಪಳಿಯ ಉದ್ದ ಮುಖ್ಯವಲ್ಲವೆಂದಾದರೆ, ಇಳಿಕೆಗೆ ಕಾರಣ ಸರಪಳಿ ಹಿಸುಕಲ್ಪಡುವುದಲ್ಲ, ಪೊರೆಯ ಮೇಲ್ಮೈಯಲ್ಲಿ ದ್ರವದಂತೆ ವರ್ತಿಸುವ ಪದರವೊಂದು ಇರಬೇಕು ಎಂದು ಅವರು ಸೂಚಿಸಿದರು.

ತಮ್ಮ ಅಳತೆಗಳಿಗೆ ಹೊಂದುವ ಸೂತ್ರವೊಂದನ್ನೂ ಅವರು ಕೊಟ್ಟರು. ಅದನ್ನು ಮಾತಿನಲ್ಲಿ ಹೀಗೆ ಹೇಳಬಹುದು: 3.2 ನ್ಯಾನೊಮೀಟರನ್ನು ಪೊರೆಯ ದಪ್ಪದಿಂದ ಭಾಗಿಸಿ, ಬಂದ ಸಂಖ್ಯೆಯನ್ನು 1.8ರ ಘಾತಕ್ಕೆ ಏರಿಸಿ, 1ರಿಂದ ಕಳೆಯಬೇಕು. ಉಳಿದುದನ್ನು ದೊಡ್ಡ ತುಂಡಿನ ಸ್ಥಿತ್ಯಂತರ ತಾಪಮಾನದಿಂದ (ಕೆಲ್ವಿನ್ ಮಾನದಲ್ಲಿ) ಗುಣಿಸಿದರೆ ಪೊರೆಯ ಸ್ಥಿತ್ಯಂತರ ತಾಪಮಾನ ದೊರೆಯುತ್ತದೆ. ಉದಾಹರಣೆಗೆ 20 ನ್ಯಾನೊಮೀಟರ್ ಪೊರೆಯಲ್ಲಿ 3.2ನ್ನು 20ರಿಂದ ಭಾಗಿಸಿದರೆ 0.16. ಅದರ 1.8ರ ಘಾತ ಸುಮಾರು 0.037. 1ರಿಂದ ಕಳೆದರೆ 0.963. ಇದನ್ನು 374 ಕೆಲ್ವಿನ್‌ನಿಂದ ಗುಣಿಸಿದರೆ ಸುಮಾರು 360 ಕೆಲ್ವಿನ್, ಅಂದರೆ 14 ಡಿಗ್ರಿ ಇಳಿಕೆ. ಇದೇ ಸೂತ್ರದಂತೆ 40 ನ್ಯಾನೊಮೀಟರಿನಲ್ಲಿ ಇಳಿಕೆ ಸುಮಾರು 4 ಡಿಗ್ರಿ. 100 ನ್ಯಾನೊಮೀಟರಿನಲ್ಲಿ ಒಂದು ಡಿಗ್ರಿಗೂ ಕಡಿಮೆ. ಈ ಸೂತ್ರ ಯಾವುದೇ ಸಿದ್ಧಾಂತದಿಂದ ಹುಟ್ಟಿದ್ದಲ್ಲ, ಪ್ರಯೋಗದ ಅಂಕಿಗಳಿಗೆ ಹೊಂದಿಸಿದ ರೇಖೆ ಮಾತ್ರ ಎಂಬುದನ್ನು ಗಮನಿಸಬೇಕು.

ತಳದ ಪ್ರಭಾವ

ಎಲ್ಲ ಪೊರೆಗಳಲ್ಲೂ ಸ್ಥಿತ್ಯಂತರ ತಾಪಮಾನ ಇಳಿಯುವುದಿಲ್ಲ. ಅದೇ 1994ರಲ್ಲಿ ಕೇಂಬ್ರಿಜ್ ತಂಡವು ಪಿಎಂಎಂಎ ಎಂದು ಕರೆಯಲಾಗುವ ಅಕ್ರಿಲಿಕ್ ಪಾಲಿಮರನ್ನು ಎರಡು ಬಗೆಯ ತಳಗಳ ಮೇಲೆ ಹರಡಿ ನೋಡಿತು. ಚಿನ್ನದ ಮೇಲೆ ಪೊರೆ ತೆಳುವಾದಂತೆ ಸ್ಥಿತ್ಯಂತರ ತಾಪಮಾನ ಇಳಿಯಿತು. ಆಕ್ಸೈಡ್ ಪದರವಿರುವ ಸಿಲಿಕಾನ್ ಮೇಲೆ ಅದು ಏರಿತು. ಆಕ್ಸೈಡಿನ ಮೇಲ್ಮೈಯಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳೊಡನೆ ಪಿಎಂಎಂಎ ಹೈಡ್ರೋಜನ್ ಬಂಧ ಬೆಸೆಯುವುದರಿಂದ ತಳಕ್ಕೆ ತಾಗಿದ ಸರಪಳಿಗಳು ಅಲುಗಾಡದಂತಾಗುತ್ತವೆ ಎಂಬುದು ಇದಕ್ಕೆ ಕೊಡುವ ವಿವರಣೆ. ಅಂದರೆ ಪೊರೆಯ ದಪ್ಪವೊಂದನ್ನೇ ಹೇಳಿದರೆ ಸಾಲದು. ಅದು ಯಾವುದರ ಮೇಲೆ ಕುಳಿತಿದೆ ಎಂಬುದನ್ನೂ ಹೇಳಬೇಕು.

ತಳವಿಲ್ಲದ ಪೊರೆಗಳು

1996ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಜೇಮ್ಸ್ ಫಾರೆಸ್ಟ್, ಜಾನ್ ಡಚರ್ ಮತ್ತು ಸಂಗಡಿಗರು ತಳವೇ ಇಲ್ಲದ ಪೊರೆಗಳನ್ನು ಅಭ್ಯಸಿಸಿದರು. ಚೌಕಟ್ಟಿಗೆ ಬಿಗಿದ ಬಟ್ಟೆಯಂತೆ ಅಂಚುಗಳಲ್ಲಿ ಮಾತ್ರ ಹಿಡಿದಿಟ್ಟ ಈ ಪೊರೆಗಳ ಎರಡೂ ಮುಖಗಳು ಗಾಳಿಗೆ ತೆರೆದಿರುತ್ತವೆ. ಇಲ್ಲಿ ಇಳಿಕೆ ಬಹಳ ದೊಡ್ಡದಾಗಿತ್ತು. ಸುಮಾರು 70 ನ್ಯಾನೊಮೀಟರಿಗಿಂತ ತೆಳುವಾದ ಪೊರೆಗಳಲ್ಲಿ ಸ್ಥಿತ್ಯಂತರ ತಾಪಮಾನ ದಪ್ಪದೊಡನೆ ನೇರವಾಗಿ ಇಳಿಯುತ್ತ ಹೋಗಿ, 20 ನ್ಯಾನೊಮೀಟರಿನಲ್ಲಿ ಇಳಿಕೆ 70 ಡಿಗ್ರಿ ತಲುಪಿತು. 100 ಡಿಗ್ರಿ ಸೆಲ್ಸಿಯಸ್‌ವರೆಗೆ ಗಟ್ಟಿಯಾಗಿರಬೇಕಾದ ಪಾಲಿಸ್ಟೈರೀನ್, ಈ ತೆಳ್ಳನೆಯ ರೂಪದಲ್ಲಿ ಬೇಸಿಗೆಯ ಕೋಣೆಯ ಬಿಸಿಗೇ ಸ್ಥಿತ್ಯಂತರದ ಅಂಚಿಗೆ ಬಂದು ನಿಂತಿತೆಂದು ಇದರ ಅರ್ಥ.

ತಳವಿಲ್ಲದ ಪೊರೆಗಳಲ್ಲಿ, ಅಣುತೂಕ ಬಹಳ ಹೆಚ್ಚಾಗಿದ್ದಾಗ, ಇಳಿಕೆ ಅಣುತೂಕವನ್ನು ಅವಲಂಬಿಸುವುದೂ ಮುಂದಿನ ಪ್ರಯೋಗಗಳಲ್ಲಿ ಕಂಡಿತು. ಇದನ್ನು ವಿವರಿಸಲು ನೊಬೆಲ್ ಪುರಸ್ಕೃತ ಫ್ರೆಂಚ್ ಭೌತವಿಜ್ಞಾನಿ ಪಿಯರ್ ಜಿಲ್ ದ ಜೆನ್ 2000ದಲ್ಲಿ ಹೊಸ ಕಲ್ಪನೆಯೊಂದನ್ನು ಮುಂದಿಟ್ಟರು. ಎರಡು ತುದಿಗಳೂ ಮೇಲ್ಮೈಯನ್ನು ಮುಟ್ಟಿರುವ ಸರಪಳಿಯ ಕುಣಿಕೆಗಳು, ನೂಲು ತನ್ನ ಹಾದಿಯಲ್ಲೇ ಜಾರುವಂತೆ, ಒಳಗಿನವರೆಗೆ ಜಾರಬಲ್ಲವು ಎಂಬುದು ಅದರ ಸಾರ.

ಮೇಲ್ಮೈ ಪದರ

ಜಾತ್ರೆಯ ಜನಸಂದಣಿಯ ನಡುವೆ ನಿಂತವನು ಒಂದು ಹೆಜ್ಜೆ ಇಡಬೇಕಾದರೂ ಸುತ್ತಲಿನ ಹತ್ತು ಜನ ಸರಿಯಬೇಕು. ಅಂಚಿನಲ್ಲಿ ನಿಂತವನಿಗೆ ಒಂದು ಮಗ್ಗುಲು ತೆರವಾಗಿರುತ್ತದೆ. ಅಣುಗಳ ವಿಷಯವೂ ಇದೇ. ಗಾಜಾಗುವ ದ್ರವದಲ್ಲಿ ಅಣುಗಳು ಒಂಟಿಯಾಗಿ ಕದಲದೆ ಗುಂಪುಗುಂಪಾಗಿ ಕದಲುತ್ತವೆ ಎಂದು 1965ರಲ್ಲಿ ಆಡಮ್ ಮತ್ತು ಗಿಬ್ಸ್ ಪ್ರತಿಪಾದಿಸಿದ್ದರು. ಈ ಗುಂಪುಗಳ ಅಳತೆ ಕೆಲವು ನ್ಯಾನೊಮೀಟರ್ ಎಂದು ಅಂದಾಜು. ಗಾಳಿಗೆ ತೆರೆದ ಮೇಲ್ಮೈಯ ಬಳಿ ನೆರೆಯವರು ಕಡಿಮೆಯಾದ್ದರಿಂದ ಕದಲುವುದು ಸುಲಭ.

ಮೇಲ್ಮೈಯ ಈ ಚುರುಕು ಪದರ 5 ನ್ಯಾನೊಮೀಟರ್ ದಪ್ಪವಿದೆಯೆಂದು ಭಾವಿಸೋಣ. ಸಾವಿರ ನ್ಯಾನೊಮೀಟರ್ ಪೊರೆಯಲ್ಲಿ ಅದು ಇನ್ನೂರರಲ್ಲಿ ಒಂದು ಪಾಲು. ಸರಾಸರಿಯಲ್ಲಿ ಅದರ ಸುಳಿವೇ ಸಿಗದು. 20 ನ್ಯಾನೊಮೀಟರ್ ಪೊರೆಯಲ್ಲಿ ಅದೇ ಪದರ ಕಾಲು ಭಾಗ. ತಳವಿಲ್ಲದ ಪೊರೆಗೆ ಎರಡು ಮೇಲ್ಮೈಗಳಿರುವುದರಿಂದ ಅರ್ಧ ಭಾಗ. ತಳವಿಲ್ಲದ ಪೊರೆಗಳಲ್ಲಿ ಇಳಿಕೆ ಹೆಚ್ಚಾಗಿರುವುದಕ್ಕೆ ಇದು ಕಾರಣವೆಂದು ತಿಳಿಯಲಾಗಿದೆ.

ಈ ಚಿತ್ರಣವನ್ನು ಹಲವು ಪ್ರಯೋಗಗಳು ಬೆಂಬಲಿಸಿವೆ.

2003ರಲ್ಲಿ ಶಾರ್ಪ್ ಮತ್ತು ಫಾರೆಸ್ಟ್ ಪೊರೆಯ ತೆರೆದ ಮೇಲ್ಮೈಗೆ ಎಚ್ಚರಿಕೆಯಿಂದ ಲೋಹದ ಹೊದಿಕೆ ಹಾಕಿದಾಗ ಸ್ಥಿತ್ಯಂತರ ತಾಪಮಾನದ ಇಳಿಕೆ ಮಾಯವಾಯಿತೆಂದು ವರದಿ ಮಾಡಿದರು.

ಅದೇ ವರ್ಷ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಲಿಸನ್ ಮತ್ತು ಟಾರ್ಕೆಲ್ಸನ್, ಹೊಳೆಯುವ ಗುರುತಿನ ಅಣುಗಳನ್ನು ಜೋಡಿಸಿದ ಪಾಲಿಸ್ಟೈರೀನ್ ಪದರವನ್ನು ಗುರುತಿಲ್ಲದ ಪದರಗಳ ನಡುವೆ ಬೇಕಾದ ಆಳದಲ್ಲಿ ಇರಿಸಿ, ಆಯಾ ಆಳದ ಸ್ಥಿತ್ಯಂತರ ತಾಪಮಾನವನ್ನು ಬೇರೆಬೇರೆಯಾಗಿ ಅಳೆದರು. ದಪ್ಪನೆಯ ಪೊರೆಯ ಮೇಲ್ತುದಿಯ 14 ನ್ಯಾನೊಮೀಟರ್ ಪದರದಲ್ಲಿ ಇಳಿಕೆ ಸುಮಾರು 32 ಡಿಗ್ರಿ ಇತ್ತು. ಮೇಲ್ಮೈಯ ಪ್ರಭಾವ ಹಲವು ಹತ್ತು ನ್ಯಾನೊಮೀಟರ್ ಆಳಕ್ಕೂ ಇಳಿದಿತ್ತು.

2008ರಲ್ಲಿ ಫಖ್ರಾಯಿ ಮತ್ತು ಫಾರೆಸ್ಟ್, ಪಾಲಿಸ್ಟೈರೀನ್ ಮೇಲ್ಮೈಯಲ್ಲಿ ಚಿನ್ನದ ನ್ಯಾನೊಗೋಳಗಳನ್ನು ಅರೆಹುದುಗಿಸಿ, ಬಳಿಕ ಅವನ್ನು ಪಾದರಸದಿಂದ ಕರಗಿಸಿ ತೆಗೆದು, ಉಳಿದ ಕುಳಿಗಳು ತುಂಬಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದರು. ದೊಡ್ಡ ತುಂಡಿನ ಸ್ಥಿತ್ಯಂತರ ತಾಪಮಾನಕ್ಕಿಂತ ಸುಮಾರು 90 ಡಿಗ್ರಿ ಕೆಳಗೂ ಮೇಲ್ಮೈ ಕದಲುತ್ತಿತ್ತು.

ಅಳೆಯುವ ವಿಧಾನಗಳು

ಒಂದು ಚದರ ಸೆಂಟಿಮೀಟರ್ ಹರವಿನ 20 ನ್ಯಾನೊಮೀಟರ್ ಪೊರೆಯ ತೂಕ ಸುಮಾರು 2 ಮೈಕ್ರೊಗ್ರಾಂ. ಮಿಲಿಗ್ರಾಂಗಟ್ಟಲೆ ಮಾದರಿ ಬೇಡುವ ಸಾಮಾನ್ಯ ಉಷ್ಣಮಾಪಕಗಳು ಇಲ್ಲಿ ನಿರುಪಯುಕ್ತ. ಆದ್ದರಿಂದ ಬೇರೆ ಮಾರ್ಗಗಳನ್ನು ಅನುಸರಿಸಲಾಗುತ್ತದೆ.

ಎಲಿಪ್ಸೊಮೆಟ್ರಿ: ಪೊರೆಯಿಂದ ಪ್ರತಿಫಲಿಸಿದ ಬೆಳಕಿನ ಧ್ರುವೀಕರಣದ ಬದಲಾವಣೆಯಿಂದ ದಪ್ಪವನ್ನು ತಿಳಿಯುವ ವಿಧಾನ. ರಬ್ಬರ್ ಸ್ಥಿತಿಯಲ್ಲಿ ಪೊರೆ ಗಾಜು ಸ್ಥಿತಿಗಿಂತ ಹೆಚ್ಚು ಹಿಗ್ಗುವುದರಿಂದ, ದಪ್ಪ ಮತ್ತು ತಾಪಮಾನಗಳ ರೇಖೆ ಸ್ಥಿತ್ಯಂತರದಲ್ಲಿ ಬಾಗುತ್ತದೆ. 20 ನ್ಯಾನೊಮೀಟರ್ ಪೊರೆ ರಬ್ಬರ್ ಸ್ಥಿತಿಯಲ್ಲಿಯೂ ಒಂದು ಡಿಗ್ರಿಗೆ ಹಿಗ್ಗುವುದು ನ್ಯಾನೊಮೀಟರಿನ ನೂರನೇ ಒಂದು ಪಾಲಿನಷ್ಟು ಮಾತ್ರ.

ಕ್ಷಕಿರಣ ಪ್ರತಿಫಲನ: ಇದರಿಂದ ದಪ್ಪದೊಡನೆ ಸಾಂದ್ರತೆಯನ್ನೂ ಪಡೆಯಬಹುದು.

ಪ್ರತಿದೀಪ್ತಿ: ಗುರುತಿನ ಅಣುಗಳ ಹೊಳಪು ತಾಪಮಾನದೊಡನೆ ಬದಲಾಗುವ ರೀತಿಯನ್ನು ನೋಡುವುದು.

ಬ್ರಿಲ್ವಾ ಬೆಳಕಿನ ಚದರಿಕೆ: ತಳವಿಲ್ಲದ ಪೊರೆಗಳಿಗೆ ಫಾರೆಸ್ಟ್ ತಂಡ ಬಳಸಿದ್ದು ಇದನ್ನು.

ನ್ಯಾನೊ ಉಷ್ಣಮಾಪನ: ಅತಿಸೂಕ್ಷ್ಮ ಚಿಪ್‌ನ ಮೇಲೆ ಪೊರೆಯನ್ನು ಬಹುವೇಗವಾಗಿ ಕಾಯಿಸಿ ಅದು ಹೀರುವ ಶಾಖವನ್ನು ಅಳೆಯುವುದು.

ಡೈಎಲೆಕ್ಟ್ರಿಕ್ ರೋಹಿತಮಾಪನ: ವಿದ್ಯುತ್ ಕ್ಷೇತ್ರದ ಏರಿಳಿತಕ್ಕೆ ಅಣುಗಳು ಎಷ್ಟು ಬೇಗ ಓಗೊಡುತ್ತವೆಂದು ನೋಡುವುದು.

ವಿವಾದ

ಮೇಲಿನ ಫಲಿತಾಂಶಗಳನ್ನು ಎಲ್ಲರೂ ಒಪ್ಪಲಿಲ್ಲ. 2003ರಲ್ಲಿ ಎಫ್ರೆಮೊವ್ ಮತ್ತು ಸಂಗಡಿಗರು ಸೆಕೆಂಡಿಗೆ ಸಾವಿರಾರು ಡಿಗ್ರಿ ವೇಗದ ನ್ಯಾನೊ ಉಷ್ಣಮಾಪನದಿಂದ ಅಳೆದಾಗ, ತೀರಾ ತೆಳುವಾದ ಪಾಲಿಸ್ಟೈರೀನ್ ಪೊರೆಗಳಲ್ಲಿಯೂ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಡೈಎಲೆಕ್ಟ್ರಿಕ್ ವಿಧಾನ ಬಳಸಿದ ಕೆಲವು ತಂಡಗಳಿಗೂ ಇಂಥದೇ ಫಲಿತಾಂಶ ದೊರೆಯಿತು. ಉಳಿದ ದ್ರಾವಕ, ಗಾಳಿಯ ತೇವ, ಕಾಯಿಸುವಾಗ ಆಗುವ ಆಕ್ಸಿಡೀಕರಣ, ಸಾಲದ ಹದಗೊಳಿಕೆ ಮುಂತಾದ ದೋಷಗಳೇ ಇಳಿಕೆಯ ಭ್ರಮೆ ಹುಟ್ಟಿಸಿವೆಯೇ ಎಂಬ ಸಂದೇಹ ಎದ್ದಿತು.

ಬಿರುಕಿನ ಒಂದು ಭಾಗವನ್ನು ಅಳತೆಯ ವೇಗ ಮುಚ್ಚುತ್ತದೆ. 2005ರಲ್ಲಿ ಫಖ್ರಾಯಿ ಮತ್ತು ಫಾರೆಸ್ಟ್ ಒಂದೇ ಪೊರೆಯನ್ನು ಬೇರೆಬೇರೆ ವೇಗದಲ್ಲಿ ತಂಪುಗೊಳಿಸಿದಾಗ, ನಿಧಾನವಾಗಿ ತಂಪುಗೊಳಿಸಿದಲ್ಲಿ ಇಳಿಕೆ ದೊಡ್ಡದಾಗಿಯೂ ವೇಗ ಹೆಚ್ಚಿದಂತೆ ಕಿರಿದಾಗಿಯೂ ಕಂಡಿತು. ಮೇಲ್ಮೈ ಮತ್ತು ಒಳಭಾಗಗಳ ಚಲನೆಯ ಅಂತರ ಸ್ಥಿತ್ಯಂತರ ತಾಪಮಾನದ ಮೇಲ್ಬದಿಯಲ್ಲಿ ಕಿರಿದಾಗುತ್ತದೆ. ವೇಗದ ಅಳತೆ ನೋಡುವುದು ಆ ಬದಿಯನ್ನು. ಹಾಗಾಗಿ ಎರಡು ಪಕ್ಷದವರೂ ತಪ್ಪಿಲ್ಲದೆಯೇ ಬೇರೆಬೇರೆ ಉತ್ತರ ಪಡೆದಿರುವ ಸಾಧ್ಯತೆಯಿದೆ.

2011ರಲ್ಲಿ ನಪೊಲಿಟಾನೊ ಮತ್ತು ವ್ಯೂಬೆನ್‌ಹಾರ್ಸ್ಟ್ ಇನ್ನೊಂದು ಅಂಶವನ್ನು ಮುಂದಿಟ್ಟರು. ದೀರ್ಘಕಾಲ ಹದಗೊಳಿಸಿದಾಗ ಸರಪಳಿಗಳು ತಳಕ್ಕೆ ಒಂದೊಂದಾಗಿ ಅಂಟಿಕೊಳ್ಳುತ್ತ ಹೋಗುತ್ತವೆ, ಅದರೊಡನೆ ಸ್ಥಿತ್ಯಂತರ ತಾಪಮಾನದ ವ್ಯತ್ಯಾಸವೂ ಕರಗುತ್ತ ಬರುತ್ತದೆ. ಹಾಗಾದರೆ ದಪ್ಪ ಮತ್ತು ತಳಗಳ ಜೊತೆಗೆ ಪೊರೆಯ ಪೂರ್ವಚರಿತ್ರೆಯೂ ಲೆಕ್ಕಕ್ಕೆ ಬರುತ್ತದೆ.

ಪ್ರಾಯೋಗಿಕ ಮಹತ್ವ

ಚಿಪ್ ತಯಾರಿಕೆಯಲ್ಲಿ ಬೆಳಕಿಗೆ ಸ್ಪಂದಿಸುವ ಪಾಲಿಮರ್ ಪದರದ ಮೇಲೆ ಕೆಲವು ಹತ್ತು ನ್ಯಾನೊಮೀಟರ್ ಅಗಲದ ಗೆರೆಗಳನ್ನು ಮೂಡಿಸುತ್ತಾರೆ. ತೊಳೆದು ಒಣಗಿಸುವಾಗ ದ್ರವದ ಮೇಲ್ಮೈ ಎಳೆತಕ್ಕೆ ಸಿಕ್ಕಿ ಈ ಗೆರೆಗಳು ಒಂದರ ಮೇಲೊಂದು ವಾಲಿ ಬೀಳುವುದುಂಟು. ಗೆರೆ ಕಿರಿದಾದಂತೆ ಪಾಲಿಮರ್ ಮೆತ್ತಗಾಗುವುದಾದರೆ ಈ ತೊಂದರೆ ಹೆಚ್ಚುತ್ತದೆ. ದೊಡ್ಡ ತುಂಡಿನಲ್ಲಿ ಅಳೆದ ಗಡಸುತನವನ್ನು ನಂಬಿ ವಿನ್ಯಾಸ ಮಾಡುವಂತಿಲ್ಲ.

ಅನಿಲ ಬೇರ್ಪಡಿಸುವ ಪೊರೆಗಳಲ್ಲಿ ಕೆಲಸ ಮಾಡುವ ಪದರ ನೂರು ನ್ಯಾನೊಮೀಟರಿನ ಆಸುಪಾಸಿನಲ್ಲಿರುತ್ತದೆ. ಗಾಜು ಸ್ಥಿತಿಯ ವಸ್ತು ಕಾಲಕ್ರಮದಲ್ಲಿ ನಿಧಾನವಾಗಿ ಬಿಗಿಯಾಗುವುದನ್ನು ಭೌತಿಕ ವೃದ್ಧಾಪ್ಯ ಎನ್ನುತ್ತಾರೆ. ಇಂಥ ತೆಳುಪದರಗಳು ದಪ್ಪನೆಯ ಹಾಳೆಗಳಿಗಿಂತ ಬೇಗ ಬಿಗಿಯಾಗಿ, ಅವುಗಳ ಮೂಲಕ ಅನಿಲ ಹಾಯುವ ಪ್ರಮಾಣ ಇಳಿಯುತ್ತದೆ.

ಮೇಲ್ಮೈಯ ಚುರುಕಿನಿಂದ ಲಾಭವೂ ಇದೆ. 2007ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಾರ್ಕ್ ಎಡಿಗರ್ ತಂಡವು, ಸಣ್ಣ ಅಣುಗಳ ಆವಿಯನ್ನು ಸ್ಥಿತ್ಯಂತರಕ್ಕಿಂತ ತಂಪಾದ ತಳದ ಮೇಲೆ ನಿಧಾನವಾಗಿ ಇಳಿಸಿ, ಅಸಾಧಾರಣವಾಗಿ ಸ್ಥಿರವಾದ ಗಾಜನ್ನು ಪಡೆಯಿತು. ಪ್ರತಿ ಪದರವೂ ಮೇಲ್ಮೈಯಲ್ಲಿರುವಷ್ಟು ಹೊತ್ತು ಕದಲಿ ತನ್ನ ಜಾಗ ಹುಡುಕಿಕೊಳ್ಳುವುದು ಇದಕ್ಕೆ ಕಾರಣ.

ನ್ಯಾನೊಕಣಗಳ ಮಿಶ್ರಣಗಳು

ಪಾಲಿಮರಿನೊಳಗೆ ನ್ಯಾನೊಕಣಗಳನ್ನು ಬೆರೆಸಿದಾಗ ಎರಡು ಕಣಗಳ ನಡುವಿನ ಪಾಲಿಮರೂ ಒಂದು ಬಗೆಯ ತೆಳುಪೊರೆಯೇ. ಇವೆರಡರ ನಡುವಣ ಸಾಮ್ಯವನ್ನು ಸಂಖ್ಯೆಗಳಲ್ಲಿಯೇ ತೋರಿಸಬಹುದೆಂದು 2005ರಲ್ಲಿ ಅಮೆರಿಕದ ಸಂಶೋಧಕರ ತಂಡವೊಂದು ಪ್ರಕಟಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಜೆ. ಕೆ. ಬಸು ಮತ್ತು ಅವರ ವಿದ್ಯಾರ್ಥಿಗಳು ಇದೇ ವಿಷಯದಲ್ಲಿ ಸಂಶೋಧನೆ ನಡೆಸಿದ್ದಾರೆ. ಶ್ರೀವಾಸ್ತವ ಮತ್ತು ಬಸು ಅವರ 2007ರ ಲೇಖನ, ಕಣ ಮತ್ತು ಪಾಲಿಮರ್ ಸಂಧಿಸುವ ಎಡೆಯ ಸ್ವರೂಪವು ಇಕ್ಕಟ್ಟಿನಲ್ಲಿರುವ ಪಾಲಿಮರಿನ ಸ್ಥಿತ್ಯಂತರವನ್ನು ನಿಯಂತ್ರಿಸುವ ಬಗೆಯನ್ನು ಚರ್ಚಿಸುತ್ತದೆ.

ಬಗೆಹರಿಯದ ಪ್ರಶ್ನೆಗಳು

ಗಾಜಿನ ಸ್ವರೂಪವು ಘನಸ್ಥಿತಿ ಸಿದ್ಧಾಂತದ ಅತ್ಯಂತ ಆಳವಾದ, ಬಗೆಹರಿಯದ ಸಮಸ್ಯೆಗಳಲ್ಲಿ ಒಂದೆಂದು ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ 1995ರಲ್ಲಿ ಅಭಿಪ್ರಾಯಪಟ್ಟಿದ್ದರು. ತೆಳುಪೊರೆಗಳ ಅಧ್ಯಯನ ಈ ಸಮಸ್ಯೆಗೆ ಬಾಗಿಲೊಂದನ್ನು ತೆರೆದಿದೆ. ಅಣುಗಳು ಗುಂಪಾಗಿ ಕದಲುವುದು ನಿಜವಾದರೆ, ಗುಂಪಿನ ಅಳತೆಗಿಂತ ಕಿರಿದಾದ ಜಾಗದಲ್ಲಿ ಅವನ್ನು ಇರಿಸಿದಾಗ ವರ್ತನೆ ಬದಲಾಗಲೇಬೇಕು. ಆದರೆ ಮೇಲ್ಮೈಯ ಪ್ರಭಾವ ಗುಂಪಿನ ಅಂದಾಜು ಅಳತೆಯನ್ನು ಮೀರಿ ಹತ್ತಾರು ನ್ಯಾನೊಮೀಟರ್ ಒಳಕ್ಕೆ ಹೇಗೆ ಸಾಗುತ್ತದೆ, ಪೊರೆಯ ಹಿಗ್ಗುವಿಕೆಯಿಂದ ತಿಳಿಯುವ ಸ್ಥಿತ್ಯಂತರವೂ ಅಣುಗಳ ಚಲನೆಯಿಂದ ತಿಳಿಯುವ ಸ್ಥಿತ್ಯಂತರವೂ ಒಂದೇ ಸಂಗತಿಯೇ, ಮೇಲಿಂದ ಕೆಳಕ್ಕೆ ಗುಣ ಬದಲಾಗುವ ಪೊರೆಗೆ ಒಂದೇ ಸ್ಥಿತ್ಯಂತರ ತಾಪಮಾನವನ್ನು ಹೇಳುವುದು ಸರಿಯೇ ಎಂಬ ಪ್ರಶ್ನೆಗಳಿಗೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ದೊರೆತಿಲ್ಲ.

ಇವನ್ನೂ ನೋಡಿ

ಪಾಲಿಮರ್
ಪಾಲಿಸ್ಟೈರೀನ್
ಗಾಜು
ನ್ಯಾನೊತಂತ್ರಜ್ಞಾನ
ಮೇಲ್ಮೈ ಎಳೆತ